ಹೂವಿನ ಪರಿಮಳದ ಹಾಲು-ಚಹಾ: ಅಡುಗೆಮನೆಯಿಂದ ಮಾರುಕಟ್ಟೆಗೆ

ನಗರಗಳ ಕೆಫೆಗಳ ದರಪಟ್ಟಿಯಲ್ಲಿ ಗುಲಾಬಿ, ಮಲ್ಲಿಗೆ, ಲ್ಯಾವೆಂಡರ್, ಕ್ಯಾಮೊಮೈಲ್ ಮೊದಲಾದ ಹೂವುಗಳ ಹೆಸರು ಹೊತ್ತ 'ಟೀ ಲ್ಯಾಟೆ'ಗಳು ಇಂದು ಸಾಮಾನ್ಯವಾಗಿವೆ. 'ಲ್ಯಾಟೆ' ಎಂಬುದು ಇಟಲಿಯ ಭಾಷೆಯಲ್ಲಿ ಹಾಲಿಗೆ ಇರುವ ಪದ. ಗಟ್ಟಿಯಾದ ಡಿಕಾಕ್ಷನ್ನಿಗೆ ಬಿಸಿ ಹಾಲು ಬೆರೆಸಿ, ಮೇಲೆ ನೊರೆ ತುಂಬಿಸಿ ಕೊಡುವ ಪಾನೀಯಕ್ಕೆ ಈ ಹೆಸರು ನಿಂತಿದೆ. ಕೆಫೆಯಲ್ಲಿ ಒಮ್ಮೆ ರುಚಿ ನೋಡಿದವರು ಮಳೆಗಾಲದ ಸಂಜೆಯಲ್ಲೋ ಚಳಿಗಾಲದ ರಾತ್ರಿಯಲ್ಲೋ ಅದನ್ನೇ ಮನೆಯಲ್ಲಿ ಮಾಡಿಕೊಳ್ಳಲು ಬಯಸುವುದು ಸಹಜ. ಅಂಥವರಿಗೆ ಬೇಕಾದುದು ಸಿದ್ಧ ಪಾನೀಯವಲ್ಲ. ಒಣಗಿದ ಹೂವು, ಹದವಾದ ಚಹಾ ಮಿಶ್ರಣ ಮತ್ತು ಮಾಡುವ ವಿಧಾನದ ಸ್ಪಷ್ಟ ಸೂಚನೆ. ಸಣ್ಣ ತಯಾರಕರಿಗೂ ಬಿಡಿ ವ್ಯಾಪಾರಿಗಳಿಗೂ ಅವಕಾಶವಿರುವುದು ಇಲ್ಲಿಯೇ.

ಆದರೆ ಈ ವ್ಯಾಪಾರದ ಅಳಿವು ಉಳಿವು ನಿರ್ಧಾರವಾಗುವುದು ಎರಡನೆಯ ಪೊಟ್ಟಣದ ಮಾರಾಟದಿಂದ. ಅಂದವಾದ ಪೊಟ್ಟಣವನ್ನು ಗ್ರಾಹಕರು ಕುತೂಹಲದಿಂದ ಒಮ್ಮೆ ಕೊಳ್ಳುತ್ತಾರೆ. ಮನೆಯಲ್ಲಿ ಹಾಲು ಒಡೆದರೆ, ಚಹಾ ಸಾಬೂನಿನಂತೆ ನಾರಿದರೆ ಅಥವಾ ಪರಿಮಳವೇ ಬಾರದಿದ್ದರೆ ಮತ್ತೆ ಕೊಳ್ಳುವುದಿಲ್ಲ. ಆದ್ದರಿಂದ ಇದನ್ನು ಮಾರಲು ಹೊರಡುವವರು ಮೊದಲು ಇದನ್ನು ಮಾಡಲು ಕಲಿಯಬೇಕು. ಅಡುಗೆಮನೆಯ ಲೋಟದಲ್ಲಿ ಏನು ನಡೆಯುತ್ತದೆ ಎಂಬ ತಿಳಿವಳಿಕೆಯೇ ಈ ಉದ್ಯಮದ ಮೊದಲ ಬಂಡವಾಳ.

ಹೊಸ ಹೆಸರು, ಹಳೆಯ ಅಭ್ಯಾಸ

ಚಹಾದೊಂದಿಗೆ ಹೂವಿನ ನಂಟು ಹೊಸದಲ್ಲ. ಚೀನಾದ ಫೂಚೌ ನಗರದ ಮಲ್ಲಿಗೆ ಚಹಾ ಶತಮಾನಗಳಷ್ಟು ಹಳೆಯದು. ಅಲ್ಲಿನ ಮಲ್ಲಿಗೆ ಮತ್ತು ಚಹಾ ಕೃಷಿ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2014ರಲ್ಲಿ ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಶ್ಮೀರದ ಕಹ್ವಾ ಹಸಿರು ಚಹಾದಿಂದ ತಯಾರಾಗುತ್ತದೆ. ಅದಕ್ಕೆ ಕೇಸರಿ ಹಾಕುವುದು ವಾಡಿಕೆ, ಒಣ ಗುಲಾಬಿ ಎಸಳನ್ನು ಸೇರಿಸುವವರೂ ಇದ್ದಾರೆ. ಬರ್ಗಮಾಟ್ ಎಂಬ ಕಿತ್ತಳೆ ಜಾತಿಯ ಹಣ್ಣಿನ ಪರಿಮಳವುಳ್ಳ ಅರ್ಲ್ ಗ್ರೇ ಚಹಾಕ್ಕೆ ಹಾಲು, ವೆನಿಲಾ ಸೇರಿಸಿದ 'ಲಂಡನ್ ಫಾಗ್' ಎಂಬ ಪಾನೀಯವು ಕೆನಡಾದ ವ್ಯಾಂಕೂವರಿನಲ್ಲಿ 1990ರ ದಶಕದಲ್ಲಿ ಹುಟ್ಟಿತೆನ್ನಲಾಗಿದೆ. ಪರಿಮಳದ ಚಹಾ ಲ್ಯಾಟೆಗಳಲ್ಲಿ ಇಂದಿಗೂ ಅದೇ ಹೆಚ್ಚು ಪ್ರಸಿದ್ಧ.

ಕರ್ನಾಟಕದ ಮನೆಗಳಿಗೂ ಇದರ ತತ್ತ್ವ ಅಪರಿಚಿತವಲ್ಲ. ಕೊತ್ತಂಬರಿ, ಜೀರಿಗೆ ಮೊದಲಾದವುಗಳನ್ನು ಹುರಿದು ಪುಡಿ ಮಾಡಿ, ಬೆಲ್ಲ ಮತ್ತು ಹಾಲಿನೊಂದಿಗೆ ಕುದಿಸಿ ಕುಡಿಯುವ ಕಷಾಯ ಮಲೆನಾಡು ಮತ್ತು ಕರಾವಳಿಯಲ್ಲಿ ನಿತ್ಯದ ಪಾನೀಯ. ಅದರ ಪುಡಿ ತಯಾರಿಕೆಯು ಅನೇಕ ಗೃಹೋದ್ಯಮಗಳಿಗೆ ಆಧಾರವೂ ಆಗಿದೆ. ಮನೆಯಲ್ಲಿ ಮಾಡಿಕೊಳ್ಳುವ ಬಿಸಿ ಪಾನೀಯದ ಪುಡಿಯನ್ನು ಪೊಟ್ಟಣ ಕಟ್ಟಿ ಮಾರುವ ಅನುಭವ ರಾಜ್ಯದ ಸಣ್ಣ ಉದ್ಯಮಿಗಳಿಗೆ ಈಗಾಗಲೇ ಇದೆ ಎಂಬುದು ಗಮನಾರ್ಹ.

ಮನೆಯಲ್ಲಿ ತಯಾರಿಸುವ ಬಗೆ

ಒಂದು ದೊಡ್ಡ ಲೋಟದ ಪಾನೀಯಕ್ಕೆ 100 ಮಿಲಿ ಲೀಟರ್ ನೀರು, 120 ಮಿಲಿ ಲೀಟರ್ ಹಾಲು, 3 ಗ್ರಾಂ ಚಹಾ ಮತ್ತು 2 ಗ್ರಾಂ ಒಣ ಗುಲಾಬಿ ಎಸಳು ಸರಿಯಾದ ಪ್ರಮಾಣ. ನೀರನ್ನು ಚೆನ್ನಾಗಿ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ಚಹಾ ಮತ್ತು ಎಸಳನ್ನು ಹಾಕಿ, ಮುಚ್ಚಳ ಮುಚ್ಚಿ 4ರಿಂದ 5 ನಿಮಿಷ ಬಿಡಬೇಕು. ಮುಚ್ಚಳ ಮುಚ್ಚುವುದು ಇಲ್ಲಿನ ಮುಖ್ಯ ನಿಯಮ. ಹೂವಿನ ಪರಿಮಳಕ್ಕೆ ಕಾರಣವಾದ ತೈಲಾಂಶಗಳು ಆವಿಯೊಡನೆ ಹಾರಿಹೋಗುವ ಗುಣವುಳ್ಳವು. ತೆರೆದ ಪಾತ್ರೆಯಲ್ಲಿ ಕುದಿಸಿದರೆ ಮನೆಯೆಲ್ಲ ಘಮಘಮಿಸುತ್ತದೆ, ಲೋಟದಲ್ಲಿ ಏನೂ ಉಳಿಯುವುದಿಲ್ಲ. ನೀರು, ಹಾಲು, ಪುಡಿ, ಸಕ್ಕರೆ ಎಲ್ಲವನ್ನೂ ಒಟ್ಟಿಗೆ ಕುದಿಸುವ ನಮ್ಮ ಮಾಮೂಲು ಚಹಾದ ಪದ್ಧತಿಗೆ ಹೂವು ಒಗ್ಗದಿರುವುದು ಈ ಕಾರಣದಿಂದಲೇ. ಹೊಸ ಗ್ರಾಹಕರು ಹೆಚ್ಚಾಗಿ ಎಡವುವುದೂ ಇಲ್ಲಿಯೇ. ಆದುದರಿಂದ ಪೊಟ್ಟಣದ ಮೇಲಿನ ಮೊದಲ ಸೂಚನೆಯೇ ಇದಾಗಿರಬೇಕು.

ಹಾಲನ್ನು ಪ್ರತ್ಯೇಕವಾಗಿ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಬೇಕು. ಹಸಿ ಹಾಲಾದರೆ ಮೊದಲು ಕಾಯಿಸಿ ಆರಿಸಿಕೊಳ್ಳುವುದು ಕ್ಷೇಮ. ನೊರೆ ಬರಲು ಯಂತ್ರವೇ ಬೇಕೆಂದಿಲ್ಲ. ಮುಚ್ಚಳವಿರುವ ಪಾತ್ರೆಯಲ್ಲಿ ಅರ್ಧದಷ್ಟು ಹಾಲು ಹಾಕಿ ಜಾಗ್ರತೆಯಿಂದ ಕುಲುಕಬಹುದು. ಸಣ್ಣ ಕಡಗೋಲಿನಿಂದ ಕಡೆಯಬಹುದು. ಕಾಫಿಯಂತೆ ಲೋಟದಿಂದ ಬಟ್ಟಲಿಗೆ ಎತ್ತರದಿಂದ ಹೊಯ್ದರೂ ಸಾಕಷ್ಟು ನೊರೆ ಬರುತ್ತದೆ. ನೊರೆಯನ್ನು ಹಿಡಿದಿಡುವುದು ಹಾಲಿನ ಪ್ರೊಟೀನು. ಆದುದರಿಂದ ಶೇ. 3ರಷ್ಟು ಕೊಬ್ಬಿರುವ ಟೋನ್ಡ್ ಹಾಲಿನಲ್ಲೂ ಒಳ್ಳೆಯ ನೊರೆ ಬರುತ್ತದೆ, ಶೇ. 6ರಷ್ಟು ಕೊಬ್ಬಿರುವ ಕೆನೆಭರಿತ ಹಾಲು ರುಚಿಗೆ ಮಂದವಾಗಿದ್ದರೂ ಹೂವಿನ ನವುರಾದ ಪರಿಮಳವನ್ನು ಮರೆಮಾಡುತ್ತದೆ. ಸೋಸಿದ ಡಿಕಾಕ್ಷನ್ನಿಗೆ ಸಕ್ಕರೆ ಬೆರೆಸಿ, ನಿಧಾನವಾಗಿ ಹಾಲು ಸುರಿದು, ನೊರೆಯನ್ನು ಕೊನೆಯಲ್ಲಿ ತುಂಬಿಸಿದರೆ ಪಾನೀಯ ಸಿದ್ಧ. ಗುಲಾಬಿ ಲ್ಯಾಟೆಗೆ ಸಕ್ಕರೆಯ ಬದಲು ಒಂದು ಚಮಚ ಗುಲ್ಕಂದ್ ಹಾಕಿದರೆ ಸಿಹಿಯೂ ಪರಿಮಳವೂ ಒಟ್ಟಿಗೆ ದೊರೆಯುತ್ತವೆ.

ಚಹಾದ ಆಯ್ಕೆಯೂ ಮುಖ್ಯ. ಮನೆಬಳಕೆಯ ಸಿಟಿಸಿ ಪುಡಿಯ ಕಡಕು ರುಚಿಯ ಮುಂದೆ ಗುಲಾಬಿ ಸೋಲುತ್ತದೆ. ನೀಲಗಿರಿಯ ಆರ್ಥೊಡಾಕ್ಸ್ ಎಲೆ ಚಹಾಕ್ಕೆ ತನ್ನದೇ ಆದ ಹೂವಿನಂತಹ ಪರಿಮಳವಿದ್ದು ಅದು ಇಂಥ ಮಿಶ್ರಣಕ್ಕೆ ಹೇಳಿ ಮಾಡಿಸಿದಂತಿದೆ. ಮಲ್ಲಿಗೆ ಲ್ಯಾಟೆಗೆ ಹಸಿರು ಚಹಾ ಉತ್ತಮ. ಆದರೆ ಕುದಿಯುವ ನೀರು ಹಸಿರು ಚಹಾವನ್ನು ಕಹಿ ಮಾಡುತ್ತದೆಯಾದ್ದರಿಂದ 80 ಡಿಗ್ರಿಯ ನೀರು ಸಾಕು. ಕ್ಯಾಮೊಮೈಲ್ ಹೂವಿಗೆ ಚಹಾ ಬೆರೆಸಬೇಕಾಗಿಲ್ಲ. ಕೆಫೀನ್ ಇಲ್ಲದ ಪಾನೀಯವಾದ್ದರಿಂದ ರಾತ್ರಿ ಕುಡಿಯಲು ಬಯಸುವವರು ಅದನ್ನು ಕೇಳುತ್ತಾರೆ. ಸೇವಂತಿಗೆಯ ಕುಟುಂಬದ ಹೂಗಳು ಒಗ್ಗದವರಿಗೆ ಇದೂ ಒಗ್ಗದಿರಬಹುದೆಂಬ ಎಚ್ಚರಿಕೆ ಪೊಟ್ಟಣದ ಮೇಲಿರುವುದು ಒಳಿತು. ಲ್ಯಾವೆಂಡರ್ ಲೋಟಕ್ಕೆ ಕಾಲು ಚಮಚ ಮೀರಬಾರದು. ಮೀರಿದರೆ ಸಾಬೂನಿನ ವಾಸನೆ ಬರುತ್ತದೆ. ಜಮ್ಮುವಿನ ದೋಡಾ ಜಿಲ್ಲೆಯ ಭದರ್ವಾಹ್ ಭಾಗದಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಅರೋಮಾ ಮಿಷನ್ ಅಡಿಯಲ್ಲಿ ಲ್ಯಾವೆಂಡರ್ ಬೆಳೆ ಹಬ್ಬಿರುವುದರಿಂದ ಈಗ ಅದು ದೇಶದೊಳಗೇ ದೊರೆಯುತ್ತದೆ.

ಹಾಲಿಗೆ ಒಗ್ಗದ ಹೂಗಳು

ಬಣ್ಣಕ್ಕೆ ಮರುಳಾಗಿ ಎಲ್ಲ ಹೂವನ್ನೂ ಲ್ಯಾಟೆಯ ಹೆಸರಿನಲ್ಲಿ ಮಾರಲಾಗದು. ಮಾರುಕಟ್ಟೆಯಲ್ಲಿ 'ಹಿಬಿಸ್ಕಸ್' ಎಂದು ಮಾರಾಟವಾಗುವುದು ಅಂಗಳದ ದಾಸವಾಳವಲ್ಲ. ಉತ್ತರ ಕರ್ನಾಟಕದವರು ಪಲ್ಯಕ್ಕೆ ಬಳಸುವ ಪುಂಡಿಯ ಜಾತಿಯ ಕೆಂಪು ಗಿಡದ, ಕಾಯಿಯನ್ನು ಸುತ್ತುವರಿದ ದಪ್ಪ ಪುಷ್ಪಪಾತ್ರೆ. ಈಜಿಪ್ಟ್ ಮತ್ತು ಸುಡಾನಿನ 'ಕರ್ಕಡೆ' ಪಾನೀಯಕ್ಕೂ ಇದೇ ಮೂಲ. ಇದರ ಕಷಾಯ ಹುಣಿಸೆಯಂತೆ ಹುಳಿ. ಹುಳಿ ಸೇರಿದೊಡನೆ ಹಾಲಿನ ಕೇಸೀನ್ ಪ್ರೊಟೀನು ಹೆಪ್ಪುಗಟ್ಟುತ್ತದೆ. ಬಿಸಿ ಹಾಲಾದರೆ ಇನ್ನೂ ಬೇಗ ಒಡೆಯುತ್ತದೆ. ಆದ್ದರಿಂದ ಪುಂಡಿ ಹೂವನ್ನು ಹಾಲಿಲ್ಲದ ಪಾನೀಯವಾಗಿ, ಬಿಸಿಯಾಗಿಯೋ ತಣ್ಣಗೋ ಕುಡಿಯಲೆಂದು ಮಾರುವುದೇ ವಿವೇಕ. ಒಣಭೂಮಿಯ ಈ ಬೆಳೆಗೆ ಸೊಪ್ಪಿನ ಆಚೆಗೂ ಬೇಡಿಕೆಯುಂಟೆಂಬುದನ್ನು ಬಯಲುಸೀಮೆಯ ವ್ಯಾಪಾರಿಗಳು ಗಮನಿಸಬಹುದು.

ಶಂಖಪುಷ್ಪದ ನೀಲಿ ಬಣ್ಣ ಹಾಲಿನಲ್ಲಿ ತಿಳಿನೀಲಿಯಾಗಿ ನಿಲ್ಲುತ್ತದೆ, ಹಾಲು ಒಡೆಯುವುದಿಲ್ಲ. ಆದರೆ ಅದಕ್ಕೆ ಹೇಳಿಕೊಳ್ಳುವಂಥ ರುಚಿಯಾಗಲಿ ಪರಿಮಳವಾಗಲಿ ಇಲ್ಲ. ನಿಂಬೆರಸ ಹಿಂಡಿದರೆ ನೀಲಿ ನೇರಳೆಗೆ ತಿರುಗುವ ಚಮತ್ಕಾರವನ್ನು ಹಾಲಿಲ್ಲದ ಪಾನೀಯದಲ್ಲಿ ಮಾತ್ರ ತೋರಿಸಬಹುದು. ಗುಲಾಬಿ ಲ್ಯಾಟೆಯ ಬಣ್ಣವೂ ಚಿತ್ರಗಳಲ್ಲಿ ಕಾಣುವಂತೆ ಗುಲಾಬಿಯಲ್ಲ, ತಿಳಿಗಂದು. ಬಣ್ಣ ಬರಲೆಂದು ಬೀಟ್‌ರೂಟ್ ಪುಡಿ ಸೇರಿಸುವವರು ಅದನ್ನು ಘಟಕಾಂಶಗಳ ಪಟ್ಟಿಯಲ್ಲಿ ನಮೂದಿಸಬೇಕು.

ಮಾಲೆಯ ಹೂವು ಆಹಾರವಲ್ಲ

ಹೂವಿನ ಬೆಲೆ ಕುಸಿದಾಗ ಬೆಳೆಗಾರರು ಹೂವನ್ನು ರಸ್ತೆಗೆ ಸುರಿಯುವ ದೃಶ್ಯ ರಾಜ್ಯದಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಆ ಹೂವನ್ನು ಅಗ್ಗವಾಗಿ ಕೊಂಡು ಒಣಗಿಸಿದರೆ ಇಬ್ಬರಿಗೂ ಲಾಭವಲ್ಲವೇ ಎಂಬ ಆಲೋಚನೆ ಯಾವ ವ್ಯಾಪಾರಿಗೂ ಮೊದಲು ಹೊಳೆಯುವಂಥದು. ಈ ಉದ್ಯಮದಲ್ಲಿ ತಪ್ಪಿಸಿಕೊಳ್ಳಬೇಕಾದ ಮೊದಲ ಬಲೆಯೂ ಇದೇ. ಪೂಜೆಗೆ, ಮುಡಿಗೆ, ಅಲಂಕಾರಕ್ಕೆಂದು ಬೆಳೆದ ಹೂವಿಗೆ ಸಿಂಪಡಿಸುವ ಕೀಟನಾಶಕಗಳನ್ನು ಯಾರೂ ತಿನ್ನುವ ಲೆಕ್ಕದಲ್ಲಿ ಸಿಂಪಡಿಸಿರುವುದಿಲ್ಲ.

ಒಣಗಿಸುವುದರಿಂದ ಈ ತೊಂದರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ತಾಜಾ ಎಸಳಿನಲ್ಲಿ ಶೇ. 85ರಷ್ಟು ನೀರಿದೆ ಎಂದುಕೊಂಡು ಅದನ್ನು ಶೇ. 8ರ ತೇವಾಂಶಕ್ಕೆ ಒಣಗಿಸಿದರೆ, ಒಂದು ಕಿಲೋ ಒಣ ಎಸಳಿಗೆ ಸುಮಾರು 6.1 ಕಿಲೋ ತಾಜಾ ಎಸಳು ಬೇಕಾಗುತ್ತದೆ. ಎಸಳಿನ ಮೇಲಿದ್ದ ಕೀಟನಾಶಕ ಹಾಗೆಯೇ ಉಳಿದರೆ ಅದರ ಸಾಂದ್ರತೆಯೂ ಅಷ್ಟೇ ಪಟ್ಟು ಏರುತ್ತದೆ. ಯಾವ ಕೀಟನಾಶಕಕ್ಕೆ ಪ್ರತ್ಯೇಕ ಮಿತಿಯನ್ನು ಗೊತ್ತುಪಡಿಸಿಲ್ಲವೋ ಅದಕ್ಕೆ ಭಾರತದಲ್ಲಿಯೂ ಯುರೋಪಿನಲ್ಲಿಯೂ ಸಾಮಾನ್ಯವಾಗಿ ಅನ್ವಯಿಸುವ ಮಿತಿ ಕಿಲೋಗೆ 0.01 ಮಿಲಿಗ್ರಾಂ ಮಾತ್ರ. ಸರಕು ಬಂದರಿನಿಂದ ಹಿಂದಿರುಗಿದ ಮೇಲೆ ಈ ಪಾಠ ಕಲಿಯುವುದಕ್ಕಿಂತ, ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಮೊದಲೇ ಪರೀಕ್ಷೆ ಮಾಡಿಸುವುದು ಅಗ್ಗ.

ತಿನ್ನಲೆಂದೇ ಬೆಳೆಸಿದ ಹೂವಿಗೆ ಹೆಚ್ಚಿನ ಬೆಲೆ ಕೊಡಬೇಕಾಗುತ್ತದೆ. ಅದು ಎಷ್ಟು ದುಬಾರಿ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. 3 ಗ್ರಾಂ ಚಹಾ, 2 ಗ್ರಾಂ ಎಸಳಿನ ಪ್ರಮಾಣದಲ್ಲಿ 100 ಗ್ರಾಂ ಮಿಶ್ರಣದಿಂದ 20 ಲೋಟ ಪಾನೀಯವಾಗುತ್ತದೆ. ಇದಕ್ಕೆ ಬೇಕಾದ ಒಣ ಎಸಳು 40 ಗ್ರಾಂ, ಅಂದರೆ ತಾಜಾ ಎಸಳು ಸುಮಾರು 245 ಗ್ರಾಂ. ತಾಜಾ ಎಸಳಿನ ದರ ಕಿಲೋಗೆ 200 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಂಡರೆ ಪೊಟ್ಟಣವೊಂದಕ್ಕೆ ಹೂವಿನ ವೆಚ್ಚ 49 ರೂಪಾಯಿ. ಬೆಳೆಗಾರನಿಗೆ ಅದರ ಇಮ್ಮಡಿ, ಅಂದರೆ 400 ರೂಪಾಯಿ ಕೊಟ್ಟರೂ ಲೋಟವೊಂದಕ್ಕೆ ಹೆಚ್ಚುವ ವೆಚ್ಚ ಎರಡೂವರೆ ರೂಪಾಯಿಗಿಂತ ಕಡಿಮೆ. ಕೆಫೆಯ ದರಕ್ಕೆ ಹೋಲಿಸಿ ನೋಡುವ ಗ್ರಾಹಕರಿಗೆ ಇದು ದೊಡ್ಡ ಹೊರೆಯಲ್ಲ. ಆದರೆ ಕೆಲವೇ ಗುಂಟೆಗಳಲ್ಲಿ ಸಿಂಪಡಣೆಯಿಲ್ಲದೆ ಪನ್ನೀರು ಗುಲಾಬಿ ಬೆಳೆಯಲು ಒಪ್ಪುವ ರೈತನಿಗೆ ಖಚಿತ ದರದ ಒಪ್ಪಂದವೇ ದೊಡ್ಡ ಆಸರೆ. ಹಸಿರುಮನೆಯ ಉದ್ದ ಕಾಂಡದ ಗುಲಾಬಿ ನೋಟಕ್ಕೆ ಚೆಲುವಾದರೂ ಅದರಲ್ಲಿ ಪರಿಮಳ ಅಲ್ಪ. ಪನ್ನೀರು ಗುಲಾಬಿಯಂಥ ಪರಿಮಳದ ಜಾತಿಯನ್ನೇ ಆರಿಸಿಕೊಳ್ಳಬೇಕು.

ಮಿಶ್ರ ಹೂವಿನ ರಾಶಿಯನ್ನು ಎಂದೂ ಕೊಳ್ಳಬಾರದು. ದೇವರ ಪೂಜೆಗೆ ಸಲ್ಲುವ ಕಣಗಿಲೆ, ಉಮ್ಮತ್ತಿಗಳು ವಿಷಯುಕ್ತ ಸಸ್ಯಗಳು. ರಾಶಿಯಲ್ಲಿ ಅವುಗಳ ಕೆಲವು ಹೂವು ಸೇರಿಕೊಂಡರೂ ಅನಾಹುತವಾದೀತು.

ಒಣಗಿಸುವುದು, ಬೆರೆಸುವುದು, ಕಟ್ಟುವುದು

ಬಿಸಿಲಿನಲ್ಲಿ ಒಣಗಿಸಿದ ಎಸಳು ಬಣ್ಣವನ್ನೂ ಪರಿಮಳವನ್ನೂ ಕಳೆದುಕೊಳ್ಳುತ್ತದೆ. ಮುಂಜಾನೆ ಕಿತ್ತ ಹೂವಿನ ತೊಟ್ಟು ತೆಗೆದು, ಎಸಳು ಬಿಡಿಸಿ, ಜರಡಿಯ ತಟ್ಟೆಗಳಲ್ಲಿ ತೆಳುವಾಗಿ ಹರಡಿ, 40ರಿಂದ 50 ಡಿಗ್ರಿಯ ಬಿಸಿಗಾಳಿಯ ಡ್ರೈಯರಿನಲ್ಲಿ ಒಣಗಿಸುವುದು ಕ್ರಮ. ಎಸಳು ಬಾಗದೆ ಪುಡಿಯಾಗುವ ಹದ ಬಂದರೆ ಒಣಗಿದೆಯೆಂದು ಅಂದಾಜಿಸಬಹುದು. ಆದರೆ ಮಾರಾಟದ ಸರಕಿಗೆ ತೇವಾಂಶದ ಮಾಪನವೇ ಆಧಾರವಾಗಬೇಕು. ತೇವ ಉಳಿದರೆ ಬೂಸ್ಟು ಖಚಿತ. ಮಳೆಗಾಲದಲ್ಲಿ ಒಣ ಎಸಳು ಗಾಳಿಯಲ್ಲಿನ ತೇವವನ್ನು ಮತ್ತೆ ಹೀರಿಕೊಳ್ಳುವುದರಿಂದ ಡ್ರೈಯರಿನಿಂದ ತೆಗೆದ ಕೂಡಲೇ ಮುಚ್ಚಿಡಬೇಕು.

ಮಲ್ಲಿಗೆಯ ವಿಧಾನ ಬೇರೆ. ಒಣಗಿದ ಮಲ್ಲಿಗೆಯಲ್ಲಿ ಪರಿಮಳ ಬಹುತೇಕ ಉಳಿಯುವುದಿಲ್ಲ. ಚೀನಾದಲ್ಲಿ ಹಗಲು ಬಿಡಿಸಿದ ಮೊಗ್ಗುಗಳು ರಾತ್ರಿ ಬಿರಿಯುವ ಹೊತ್ತಿಗೆ ಅವನ್ನು ಚಹಾ ಎಲೆಯೊಂದಿಗೆ ಬೆರೆಸುತ್ತಾರೆ. ರಾತ್ರಿಯಿಡೀ ಎಲೆ ಪರಿಮಳವನ್ನು ಹೀರಿಕೊಳ್ಳುತ್ತದೆ. ಬೆಳಿಗ್ಗೆ ಹೂವನ್ನು ಬೇರ್ಪಡಿಸಿ, ತೇವಗೊಂಡ ಎಲೆಯನ್ನು ಮತ್ತೆ ಒಣಗಿಸುತ್ತಾರೆ. ಉತ್ತಮ ದರ್ಜೆಗೆ ಈ ಕ್ರಿಯೆ ಹಲವು ಬಾರಿ ನಡೆಯುತ್ತದೆ. ಭೌಗೋಳಿಕ ಸೂಚಿಕೆ ಪಡೆದಿರುವ ಮೈಸೂರು, ಉಡುಪಿ ಮತ್ತು ಹಡಗಲಿ ಮಲ್ಲಿಗೆಗಳ ನಾಡಿನಲ್ಲಿ ಈ ಕಲೆ ಉದ್ಯಮವಾಗಿ ಬೆಳೆಯಲು ಅವಕಾಶವುಂಟು. ಆದರೆ ಆ ಹೆಸರುಗಳನ್ನು ಪೊಟ್ಟಣದ ಮೇಲೆ ಮುದ್ರಿಸುವ ಮುನ್ನ ಅಧಿಕೃತ ಬಳಕೆದಾರರ ನೋಂದಣಿಯ ವಿಷಯವನ್ನು ವಿಚಾರಿಸಿಕೊಳ್ಳಬೇಕು.

ಮಿಶ್ರಣದಲ್ಲೊಂದು ಸೂಕ್ಷ್ಮವಿದೆ. ಹಗುರವಾದ ಎಸಳು ಮೇಲೆ ನಿಂತು, ಭಾರವಾದ ಚಹಾ ಕಾಳು ಸಾಗಾಣಿಕೆಯ ಕುಲುಕಾಟದಲ್ಲಿ ತಳ ಸೇರುತ್ತದೆ. ಮೊದಲ ಲೋಟದಲ್ಲಿ ಬರೀ ಹೂವು, ಕೊನೆಯ ಲೋಟದಲ್ಲಿ ಬರೀ ಚಹಾ ಎಂಬಂತಾದರೆ ದೂರು ಬರುವುದು ಸಹಜ. ಎಲೆ ದರ್ಜೆಯ ಚಹಾ ಬಳಸಿ ಎಸಳನ್ನು ಅದರ ಗಾತ್ರಕ್ಕೇ ಒಡೆಯುವುದು ಒಂದು ಪರಿಹಾರ. ಒಂದೊಂದು ಲೋಟಕ್ಕೆ ಒಂದೊಂದು ಪುಟ್ಟ ಪೊಟ್ಟಣ ಮಾಡುವುದು ಇನ್ನೊಂದು. ಗಾಜಿನ ಭರಣಿ ಅಂಗಡಿಯ ಕಪಾಟಿಗೆ ಶೋಭೆಯಾದರೂ ಬೆಳಕು ಹೂವಿನ ಬಣ್ಣವನ್ನು ಕೊಲ್ಲುತ್ತದೆ. ಅಲ್ಯೂಮಿನಿಯಂ ಪದರವುಳ್ಳ ಮುಚ್ಚಿದ ಪೌಚ್ ಹೆಚ್ಚು ಕಾಲ ಕಾಪಾಡುತ್ತದೆ.

ಹೆಸರಿನಲ್ಲಿ ಎಚ್ಚರಿಕೆ

ಈ ಕ್ಷೇತ್ರದವರು ಕಡ್ಡಾಯವಾಗಿ ತಿಳಿದಿರಬೇಕಾದ ಬೆಳವಣಿಗೆಯೊಂದಿದೆ. ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಚಹಾ ಗಿಡದಿಂದ ಬಂದ ಪದಾರ್ಥಕ್ಕೆ ಮಾತ್ರ 'ಟೀ' ಎಂಬ ಹೆಸರನ್ನು ಬಳಸಬಹುದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2025ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿತು. ಚಹಾ ಎಲೆಯೇ ಇಲ್ಲದ ಪೊಟ್ಟಣಕ್ಕೆ 'ಹರ್ಬಲ್ ಟೀ', 'ಫ್ಲವರ್ ಟೀ' ಎಂದು ಹೆಸರಿಡುವುದು ದಾರಿ ತಪ್ಪಿಸುವ ನಾಮಕರಣವಾಗುತ್ತದೆ. ತಯಾರಕರು ಮಾತ್ರವಲ್ಲ, ಪ್ಯಾಕ್ ಮಾಡುವವರು, ಆಮದುದಾರರು, ಮಾರಾಟಗಾರರು, ಅಂತರಜಾಲ ಮಾರಾಟ ತಾಣಗಳೂ ಇದರ ವ್ಯಾಪ್ತಿಗೆ ಬರುತ್ತಾರೆ. ಗುಲಾಬಿ ಎಸಳಿನೊಂದಿಗೆ ನಿಜವಾದ ಚಹಾ ಎಲೆ ಇರುವ ಮಿಶ್ರಣವೂ ಕೇವಲ ಕ್ಯಾಮೊಮೈಲ್ ಇರುವ ಪೊಟ್ಟಣವೂ ಕಾನೂನಿನ ದೃಷ್ಟಿಯಲ್ಲಿ ಬೇರೆ ಬೇರೆ. ಎರಡನೆಯದನ್ನು 'ಹೂವಿನ ಪಾನೀಯ ಮಿಶ್ರಣ' ಎಂಬಂತಹ ಹೆಸರಿನಿಂದ ಮಾರಬೇಕಾಗುತ್ತದೆ. ಹಳೆಯ ಲೇಬಲ್ಲುಗಳ ದಾಸ್ತಾನು ಇರುವವರು ಈ ಬಗ್ಗೆ ಕೂಡಲೇ ಗಮನ ಹರಿಸುವುದು ಅಗತ್ಯ.

'ನಿದ್ರೆ ತರಿಸುತ್ತದೆ', 'ಮಧುಮೇಹ ಇಳಿಸುತ್ತದೆ' ಎಂಬಂಥ ಹೇಳಿಕೆಗಳಿಗೆ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿಯ ನಿರ್ಬಂಧವಿದೆ. ಪರಿಮಳ ಮತ್ತು ರುಚಿಯನ್ನು ಹೇಳಿ ಮಾರುವುದೇ ಸುರಕ್ಷಿತ ಮಾರ್ಗ. ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಇವು ಗೃಹೋದ್ಯಮಕ್ಕೂ ತಪ್ಪಿದ್ದಲ್ಲ.

ರಫ್ತಿನ ಕನಸಿರುವವರು ದೇಶದಿಂದ ದೇಶಕ್ಕೆ ನಿಯಮ ಬದಲಾಗುವುದನ್ನು ಮರೆಯಬಾರದು. ಶಂಖಪುಷ್ಪದ ಸಾರವನ್ನು ಆಹಾರದ ಬಣ್ಣವಾಗಿ ಬಳಸಲು ಅಮೆರಿಕ 2021ರಲ್ಲಿ ಅನುಮತಿ ನೀಡಿತು. ಅದೇ ಗಿಡದ ಒಣ ಹೂವಿನ ವಿಷಯದಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2022ರಲ್ಲಿ ಸುರಕ್ಷತೆಯ ಆಕ್ಷೇಪ ಎತ್ತಿತು. ಒಂದು ದೇಶದಲ್ಲಿ ಸಲ್ಲುವ ಸರಕು ಇನ್ನೊಂದರಲ್ಲಿ ಸಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಆರಂಭ ಹೇಗೆ?

ಈ ಉದ್ಯಮಕ್ಕೆ ಭಾರಿ ಬಂಡವಾಳ ಬೇಡ. ಒಂದು ಟ್ರೇ ಡ್ರೈಯರ್, ತೇವಾಂಶ ಮಾಪಕ, ತಕ್ಕಡಿ, ಪೌಚ್ ಮುಚ್ಚುವ ಯಂತ್ರ ಇಷ್ಟರಿಂದ ಆರಂಭಿಸಬಹುದು. ಒಣಗಿಸುವಿಕೆ ಮತ್ತು ಆಹಾರ ಸಂಸ್ಕರಣೆಯ ತಾಂತ್ರಿಕ ಸಲಹೆಗೆ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ರಾಜ್ಯದೊಳಗೇ ಇದೆ. ಹತ್ತು ಬಗೆಯ ಪರಿಮಳಗಳನ್ನು ಒಮ್ಮೆಗೇ ತರುವುದಕ್ಕಿಂತ ಗುಲಾಬಿಯೊಂದನ್ನೇ ಹಿಡಿದು, ಒಬ್ಬಿಬ್ಬರು ಬೆಳೆಗಾರರೊಡನೆ ಒಪ್ಪಂದ ಮಾಡಿಕೊಂಡು, ಪ್ರತಿ ತಂಡದ ಸರಕನ್ನು ಹಾಲಿನೊಂದಿಗೆ ತಯಾರಿಸಿ ರುಚಿ ನೋಡಿದ ಮೇಲೆಯೇ ಮಾರುಕಟ್ಟೆಗೆ ಬಿಡುವುದು ಜಾಣತನ. ಮೊದಲ ವರ್ಷ ಸ್ಥಳೀಯ ಕೆಫೆಗಳಿಗೂ ಕಾಣಿಕೆ ಪೆಟ್ಟಿಗೆ ತಯಾರಿಸುವವರಿಗೂ ಸರಕು ಒದಗಿಸಿದರೆ ಅನುಭವವೂ ನಗದು ವಹಿವಾಟೂ ಜೊತೆಯಾಗಿ ಬರುತ್ತವೆ.

ಕನ್ನಡ ನಾಡಿನಲ್ಲಿ ಹೂವಿಗೆ ಕೊರತೆಯಿಲ್ಲ, ಹಾಲಿಗೆ ಕೊರತೆಯಿಲ್ಲ, ಬಿಸಿ ಪಾನೀಯ ಪ್ರಿಯರಿಗಂತೂ ಕೊರತೆಯೇ ಇಲ್ಲ. ಕೊರತೆಯಿರುವುದು ತಿನ್ನಲು ಯೋಗ್ಯವೆಂದು ನಂಬಬಹುದಾದ ಹೂವಿಗೆ. ಆ ನಂಬಿಕೆಯನ್ನು ಹೊಲದಿಂದಲೇ ಕಟ್ಟಿಕೊಂಡು ಬಂದ ಉದ್ಯಮಿಯ ಪೊಟ್ಟಣವನ್ನು ಗ್ರಾಹಕರು ಎರಡನೆಯ ಬಾರಿಯೂ ಕೇಳಿ ಕೊಳ್ಳುವರು.